ಸೀಟು ಸಿಗುವ ತನಕ ಎಂಎಸ್ಸಿ

ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆ ಎಂಎಸ್ಸಿ ಓದುವವರಲ್ಲಿ ಎರಡು ಪ್ರಭೇದಗಳಿವೆ. ಎಂಎಸ್ಸಿ ಓದುತ್ತಿರುವವರು ಒಂದು. ಎಂಬಿಬಿಎಸ್ ಸೀಟು ಸಿಗುವ ತನಕ ಎಂಎಸ್ಸಿ ಓದುತ್ತಿರುವವರು ಇನ್ನೊಂದು. ಮೊದಲನೆಯದು ಎಷ್ಟು ಅಪರೂಪವಾಗಿದೆ ಎಂದರೆ, ಝೂವಾಲಜಿ ವಿಭಾಗದವರು ಅಳಿವಿನಂಚಿನ ಪಟ್ಟಿಯಲ್ಲಿ ಸಿರುಗುಪ್ಪದ ಎರೆಭೂತ ಹಕ್ಕಿಯ ಪಕ್ಕ ಅದರ ಹೆಸರನ್ನೂ ಬರೆದುಕೊಳ್ಳುವುದು ಒಳ್ಳೆಯದು.

ಎರಡನೆಯ ಪ್ರಭೇದ ಹುಟ್ಟುವ ಬಗೆ ಹೀಗೆ. ಇಂಟರ್, ಅಂದರೆ ಪಿಯುಸಿ, ಮುಗಿದ ವರ್ಷ ನೀಟ್ ಬರೆಯುವುದು ಮಗನ ಧರ್ಮ. ಸೀಟು ಬಾರದಿದ್ದರೆ ಲಾಂಗ್ ಟರ್ಮ್, ಅಂದರೆ ಇನ್ನೊಂದು ವರ್ಷದ ಕೋಚಿಂಗ್, ಹಾಕಿಸುವುದು ಅಪ್ಪನ ಧರ್ಮ. ಅಪ್ಪ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವನಿರಬಹುದು, ಮಡಕಶಿರಾದಲ್ಲಿ ರೇಷ್ಮೆ ಬೆಳೆದು ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಹಾಕುವವನಿರಬಹುದು. ಲಾಂಗ್ ಟರ್ಮಿನ ಫೀಸು ಮಾತ್ರ ಇಬ್ಬರಿಗೂ ಒಂದೇ. ಮೊದಲ ಲಾಂಗ್ ಟರ್ಮಿಗೆ ಊರು ಹೆಮ್ಮೆ ಪಡುತ್ತದೆ. ಎರಡನೆಯದಕ್ಕೆ ಸಮಾಧಾನ ಹೇಳುತ್ತದೆ. ಮೂರನೆಯದಕ್ಕೆ ಬಾಯಿ ಬಿಡುತ್ತದೆ: "ಏನಪ್ಪಾ, ಇನ್ನೂ ಅದೇನಾ?"

ಲಾಂಗ್ ಟರ್ಮಿನ ದೊಡ್ಡ ಊನವೆಂದರೆ ಅದಕ್ಕೆ ಕೊನೆಯಲ್ಲಿ ಸರ್ಟಿಫಿಕೇಟಿಲ್ಲ. ಮೂರು ವರ್ಷ ಬೆಳಗಿನ ಜಾವ ಎದ್ದು ಬಯಾಲಜಿ ಉರು ಹೊಡೆದವನ ಕೈಯಲ್ಲಿ ಉಳಿಯುವುದು ಹಾಲ್ ಟಿಕೆಟ್ ಮಾತ್ರ. ಅದನ್ನು ಹೆಣ್ಣಿನ ಕಡೆಯವರಿಗೆ ತೋರಿಸಲಾಗದು. ಆದ್ದರಿಂದ ಒಂದು ಬಿಎಸ್ಸಿ. ಅದೂ ಮುಗಿದು ಸೀಟು ಬಾರದಿದ್ದರೆ ಒಂದು ಎಂಎಸ್ಸಿ. ಹಾಸ್ಟೆಲಿನಲ್ಲಿ ಊಟ, ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ, ಕಿಸೆಯಲ್ಲಿ ಬಸ್ ಪಾಸು, ಬಾಯಲ್ಲಿ ಉತ್ತರ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಮರ್ಯಾದೆ ಕೊಡುವ ಯೋಜನೆ ಯಾವ ಸರ್ಕಾರದ ಪ್ರಣಾಳಿಕೆಯಲ್ಲೂ ಇಲ್ಲ.

ಯಾವ ವಿಶ್ವವಿದ್ಯಾಲಯ ಎಂಬ ಚಿಂತೆಯನ್ನೂ ಇಲ್ಲಿನವರಿಗೆ ಇತಿಹಾಸ ಇಟ್ಟಿಲ್ಲ. ಆಂಧ್ರದ ಕಡೆ ಹೋದರೆ ಅನಂತಪುರದಲ್ಲಿ 1981ರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಕರ್ನಾಟಕದ ಕಡೆ ಹೋದರೆ ಬಳ್ಳಾರಿಯಲ್ಲಿ 2010ರ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ದೊರೆ ಎರಡೂ ಕಡೆ ಬಾಗಿಲಲ್ಲಿ ನಿಂತು ಬಾ ಮಗನೇ ಎನ್ನುತ್ತಾನೆ. ಆಸ್ಥಾನದಲ್ಲಿ ಎಂಟು ಕವಿಗಳನ್ನು ಸಾಕಿದವನಿಗೆ ನೀಟ್ ಬರೆಯುವ ಎಂಬತ್ತು ಎಂಎಸ್ಸಿಗಳನ್ನು ಸಾಕುವುದು ಎಷ್ಟರ ಮಾತು?

ಈ ವಿದ್ಯಾರ್ಥಿ ಲೈಬ್ರರಿಯಲ್ಲಿ ಓದುವುದನ್ನು ನೋಡಬೇಕು. ಹೊರಗೆ ಕಾಣುವುದು ಮಾಲಿಕ್ಯುಲರ್ ಬಯಾಲಜಿಯ ಇಟ್ಟಿಗೆ ದಪ್ಪದ ಪುಸ್ತಕ. ಒಳಗೆ ಅಡಗಿರುವುದು ಹನ್ನೊಂದನೇ ಕ್ಲಾಸಿನ ಎನ್‌ಸಿಇಆರ್‌ಟಿ. ಬೇರೆ ಹುಡುಗರು ಪಠ್ಯಪುಸ್ತಕದೊಳಗೆ ಏನೇನೋ ಅಡಗಿಸಿ ಓದುತ್ತಾರೆ. ಇವನು ಮಾತ್ರ ಪಠ್ಯದೊಳಗೆ ತನ್ನ ತಮ್ಮನ ಪಠ್ಯ ಅಡಗಿಸಿ ಓದುತ್ತಾನೆ. ಕಾರಣವಿದೆ. ನೀಟಿನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ, ಬಯಾಲಜಿಯದ್ದು. ಆ ತೊಂಬತ್ತಕ್ಕೆ ಎನ್‌ಸಿಇಆರ್‌ಟಿಯ ಸಾಲೇ ವೇದ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ಕೋಚಿಂಗ್ ಮೇಷ್ಟರು ಎಂಎಸ್ಸಿಯವನಿಗೆ ಮೊದಲ ದಿನವೇ ದೀಕ್ಷೆ ಕೊಡುತ್ತಾರೆ: "ಡಿಗ್ರಿಯಲ್ಲಿ ಕಲಿತದ್ದೆಲ್ಲ ಮರೆತು ಕೂತ್ಕೋ."

ಮರೆಯದಿದ್ದರೆ ಅಪಾಯವೇ. ಹನ್ನೊಂದನೇ ಕ್ಲಾಸಿನ ಪುಸ್ತಕ ಜೀವಜಗತ್ತನ್ನು ವಿಟೇಕರ್ 1969ರಲ್ಲಿ ಹೇಳಿದ ಐದು ಸಾಮ್ರಾಜ್ಯಗಳಾಗಿ ಹಂಚಿ ಪಾಠ ಮಾಡುತ್ತದೆ. ಎಂಎಸ್ಸಿ ಮೇಷ್ಟರು ವೋಸ್ 1990ರಲ್ಲಿ ಹೇಳಿದ ಮೂರು ಡೊಮೇನ್‌ಗಳಿಂದ ಶುರುಮಾಡಿ, ಹಳೆಯ ಸಾಮ್ರಾಜ್ಯಗಳು ಯಾಕೆ ಕುಸಿದವು ಎಂದು ಎರಡು ತಿಂಗಳು ಹೇಳುತ್ತಾರೆ. ಪಾಠ ತಲೆಗೆ ಹತ್ತಿದ ಹುಡುಗ ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆ ನೋಡಿ "ಇದು ಹಾಗಲ್ಲವಲ್ಲ" ಎಂದು ಯೋಚಿಸತೊಡಗುತ್ತಾನೆ. ಯೋಚನೆಗೆ ಒಂದು ನಿಮಿಷ ದಂಡ, ಜ್ಞಾನಕ್ಕೆ ಒಂದು ಅಂಕ ದಂಡ. ಅಷ್ಟರಲ್ಲಿ ಪಕ್ಕದ ಹದಿನೇಳರ ಹುಡುಗಿ ಏನನ್ನೂ ಅನುಮಾನಿಸದೆ ನಾಲ್ಕು ವೃತ್ತಗಳನ್ನು ಕಪ್ಪು ಮಾಡಿ ಮುಂದೆ ಹೋಗಿರುತ್ತಾಳೆ. ಅವಳ ತಪ್ಪೇನೂ ಇಲ್ಲ. ಅನುಮಾನ ಎಂಬುದು ವಿಜ್ಞಾನದ ಮೊದಲ ಮೆಟ್ಟಿಲು ಎಂದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ, ಅಷ್ಟೆ.

ನಿಯಮದ ಪುಸ್ತಕ ಇನ್ನೂ ರಸವತ್ತಾಗಿದೆ. ಬಿಎಸ್ಸಿ ಮಾಡಿದವರೂ ನೀಟಿಗೆ ಅರ್ಹರು ಎಂದು ಅದರಲ್ಲಿ ಒಂದು ಕಲಮು. ಜೊತೆಗೊಂದು ಷರತ್ತು: ಅದಕ್ಕೂ ಮೊದಲು ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ತೆಗೆದುಕೊಂಡು ಹಿಂದಿನ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಅಂದರೆ ಬಿಎಸ್ಸಿಯ ದಾರಿಯಲ್ಲಿ ಬರುವವನಿಗೆ ಇಂಟರ್ ಬೇಕು. ಇಂಟರ್ ಇದ್ದವನಿಗೆ ಬಿಎಸ್ಸಿ ಬೇಡ. ಇಂಥ ವಾಕ್ಯ ಬರೆಯಲು ಬಹಳ ಓದಿರಬೇಕು. ಎಂಎಸ್ಸಿಗಂತೂ ಅಂಕಪಟ್ಟಿಯಲ್ಲಿ ಅರ್ಧ ಅಂಕದ ಜಾಗವೂ ಇಲ್ಲ. ಚಿನ್ನದ ಪದಕ ತಂದರೂ ಗೇಟಿನಲ್ಲಿ ಲೋಹದ ವಸ್ತು ಎಂದು ತೆಗೆದಿಡಿಸುತ್ತಾರೆ.

ವಯಸ್ಸಿನ ವಿಷಯದಲ್ಲಿ ಮಾತ್ರ ಪ್ರಭುಗಳು ಉದಾರಿಗಳು. ಗರಿಷ್ಠ ವಯಸ್ಸಿನ ಮಿತಿಯನ್ನು 2022ರ ಮಾರ್ಚಿನಲ್ಲಿ ತೆಗೆದುಹಾಕಿದರು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಲೆಕ್ಕವಿಲ್ಲ. ಮಿತಿ ತೆಗೆಯುವ ಮೊದಲೇ, 2020ರಲ್ಲಿ, ಒಡಿಶಾದ 64 ವರ್ಷದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ನೀಟ್ ಬರೆದು ಬುರ್ಲಾದ ಮೆಡಿಕಲ್ ಕಾಲೇಜಿಗೆ ಸೇರಿದ್ದರು. ಅವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ನಮ್ಮೂರಿನ ಅಪ್ಪಂದಿರು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡ ಉದ್ದೇಶ ಬೇರೆ: "ನೋಡು, ನಿನಗಿನ್ನೂ ನಲವತ್ತು ವರ್ಷ ಟೈಮಿದೆ."

ಇನ್ನು ಭಾಷೆ. ಭಾಷೆಯ ಗೊಂದಲವಿಲ್ಲದೆ ನಮ್ಮ ಗಡಿಯಲ್ಲಿ ಎಮ್ಮೆಯನ್ನೂ ಮಾರಲಾಗದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು. ಬಳ್ಳಾರಿ ಜಿಲ್ಲೆಯದೇ ಆಗಿದ್ದ ರಾಯದುರ್ಗ, ಆದವಾನಿ, ಆಲೂರು ಆಂಧ್ರಕ್ಕೆ ಉಳಿದವು. ನೊಳಂಬರು ಆಳಿದ ಹೇಮಾವತಿ ಇರುವ ಮಡಕಶಿರಾ ಸೀಮೆ ಆ ಹೊತ್ತಿಗಾಗಲೇ ಅನಂತಪುರದ್ದು. 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯದ್ದು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಮನೆಯೊಳಗಿನ ಮಾತು ಬದಲಾಗಲಿಲ್ಲ. ಆಂಧ್ರದ ಹತ್ತನೇ ತರಗತಿಯನ್ನು ಇವತ್ತಿಗೂ ಕನ್ನಡದಲ್ಲಿ ಬರೆಯಬಹುದು. ನೀಟನ್ನೂ ಕನ್ನಡದಲ್ಲಿ ಬರೆಯಬಹುದು, ಹದಿಮೂರು ಭಾಷೆಗಳಲ್ಲಿ ನಮ್ಮದೂ ಒಂದು ಎಂದು ನಾವು ಸಂಭ್ರಮಿಸಿದ್ದುಂಟು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಅನಂತಪುರದ ಕೇಂದ್ರ ಕೇಳಿದರೆ ತೆಲುಗು, ಇಂಗ್ಲಿಷ್, ಹಿಂದಿ, ಉರ್ದು ಇವೆ. ಹುಡುಗ ಮನೆಯಲ್ಲಿ ಆಡುವ ಭಾಷೆ ಇಲ್ಲ. ದೆಹಲಿಯ ಲೆಕ್ಕದಲ್ಲಿ ಕನ್ನಡ ಎಂಬುದು ಮೊಳಕಾಲ್ಮೂರು ದಾಟಿ ರಾಯದುರ್ಗದ ರಸ್ತೆಗೆ ತಿರುಗಿದೊಡನೆ ಆವಿಯಾಗುವ ದ್ರವ. ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ಆಗದ್ದೇನಿದೆ?

ಬಳ್ಳಾರಿಗೆ ಹೋಗಿಯೇ ಓದಿದರಾಯಿತಲ್ಲ ಎಂದು ಬೆಂಗಳೂರಿನ ಜಾಣರು ಕೇಳುತ್ತಾರೆ. ಹೋಗಬಹುದು. ರಾಯದುರ್ಗದವನಿಗೆ ಕೈ ಮುರಿದರೆ ಹೋಗುವುದು ಬಳ್ಳಾರಿಯ ವಿಮ್ಸಿಗೇ. 1961ರ ಆ ಕಾಲೇಜಿನ ಹೆಸರು ಈಚೆಗೆ ಬದಲಾದರೂ ಜನರ ಬಾಯಲ್ಲಿ ಅದು ವಿಮ್ಸೇ. ಮುರಿದ ಕೈಯನ್ನು ಅಲ್ಲಿ ಯಾರೂ ಡೊಮಿಸೈಲ್ ಕೇಳುವುದಿಲ್ಲ. ಆ ಕೈ ಕಟ್ಟುವುದನ್ನು ಕಲಿಯುತ್ತೇನೆ ಎಂದರೆ ಕೇಳುತ್ತಾರೆ. ಪಿಯುಸಿಗೆ ಬಳ್ಳಾರಿಗೋ ಶಿರಾಕ್ಕೋ ಬಂದ ಹುಡುಗ ಆಂಧ್ರದಲ್ಲಿ ಸ್ಥಳೀಯನಾಗಿ ಉಳಿಯುವುದು ಕಷ್ಟ. 1974ರ ರಾಷ್ಟ್ರಪತಿ ಆದೇಶದ ಪ್ರಕಾರ ಅಲ್ಲಿ ಶೇಕಡಾ 85 ಸೀಟು ಸ್ಥಳೀಯರಿಗೆ. ಅರ್ಹತಾ ಪರೀಕ್ಷೆಯ ಹೊತ್ತಿಗೆ ಸತತ ನಾಲ್ಕು ವರ್ಷ ಅಲ್ಲೇ ಓದಿರಬೇಕೆಂಬುದು ಮುಖ್ಯ ಲೆಕ್ಕ. ಕರ್ನಾಟಕದಲ್ಲಿ ಎರಡೇ ವರ್ಷ ಓದಿದವನು ಇಲ್ಲಿಯೂ ಸುಲಭಕ್ಕೆ ಕನ್ನಡಿಗನಾಗುವುದಿಲ್ಲ. ಗಡಿನಾಡ ಕನ್ನಡಿಗರಿಗೆ ದಾರಿಯಿದೆ ಎಂದು ಪ್ರವೇಶದ ಪುಸ್ತಕ ತೆರೆದರೆ, ನಾನು ಓದಿದ ಪ್ರತಿಯಲ್ಲಿ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಎಂದು ಹೆಸರು ಹಿಡಿದು ಕರೆದಿದ್ದರು. ಮಡಕಶಿರಾ ಇರಲಿಲ್ಲ. ನಮ್ಮವನು ಹೊರನಾಡ ಕನ್ನಡಿಗರ ಸಾಲಿಗೆ ಹೋಗಿ, ದೆಹಲಿಯ ಕರೋಲ್‌ಬಾಗಿನಿಂದ ಬಂದವನ ಹಿಂದೆ ನಿಂತು, ತನಗೆ ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಅಗಳಿಯಿಂದ ಶಿರಾ ಸಂತೆಗೆ ಹೋಗಿ ಬರುವವನು ಹೊರನಾಡಿಗ!

ಮನೆ ಬಾಗಿಲಿಗೇ ಕಾಲೇಜು ಬರುತ್ತದೆ ಎಂದು ಮಡಕಶಿರಾದವರು ನಂಬಿದ ಕಾಲವೂ ಇತ್ತು. ಪೆನುಕೊಂಡದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಎಂದು ಹಿಂದಿನ ಸರ್ಕಾರ ಅಡಿಗಲ್ಲು ಹಾಕಿತು; ಈಗಿನದು ಅದನ್ನು ಖಾಸಗಿ ಪಾಲುದಾರಿಕೆಯ ಪಟ್ಟಿಗೆ ಸೇರಿಸಿತು. ಹಿಂದಿನವರೇನು ಪುಕ್ಕಟೆ ಹಂಚುತ್ತಿರಲಿಲ್ಲ. 2023ರಲ್ಲಿ ಅವರು ತೆರೆದ ಹೊಸ ಸರ್ಕಾರಿ ಕಾಲೇಜುಗಳಲ್ಲೇ ವರ್ಷಕ್ಕೆ 12 ಲಕ್ಷದ ಸೀಟು ಒಂದು ದರ್ಜೆ, ಎನ್‌ಆರ್‌ಐಗೆ 20 ಲಕ್ಷದ್ದು ಇನ್ನೊಂದು ದರ್ಜೆ. ಸರ್ಕಾರಿ ಆಸ್ಪತ್ರೆಗೆ ಹೋಗುವ ರೋಗಿಯ ಮಗ ಸರ್ಕಾರಿ ಕಾಲೇಜಿಗೆ ಹೋಗಬೇಕಾದರೆ ಎನ್‌ಆರ್‌ಐ ಮಾವನಿರಬೇಕು.

ಎನ್‌ಆರ್‌ಐ ಮಾವ ಎಂದಾಗ ನೆನಪಾಯಿತು. ನ್ಯೂಜೆರ್ಸಿಯಲ್ಲಿರುವ ನಮ್ಮ ಸೀಮೆಯವರೊಬ್ಬರ ಮಗಳೂ ಮೆಡಿಕಲ್ ಸೇರಲೆಂದೇ ಮಾಸ್ಟರ್ಸ್ ಮಾಡುತ್ತಿದ್ದಾಳೆ. ಊರಲ್ಲಿ ಇದನ್ನು ಕೇಳಿ ಎಲ್ಲರಿಗೂ ಆನಂದವಾಯಿತು: ಅಮೆರಿಕವೂ ಕೊನೆಗೆ ರಾಯದುರ್ಗದ ಮಟ್ಟಕ್ಕೆ ಬಂತಲ್ಲ! ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ ಮುಗಿಸಿ, 528 ಅಂಕದ ಎಂಕ್ಯಾಟ್ ಬರೆದು, ಆಮೇಲೆ ಮೆಡಿಕಲ್. ಪದವಿಯ ಅಂಕ ಸಾಲದವರಿಗೆ ಜಾರ್ಜ್‌ಟೌನ್‌ನಂಥ ವಿಶ್ವವಿದ್ಯಾಲಯಗಳು ಸ್ಪೆಷಲ್ ಮಾಸ್ಟರ್ಸ್ ಎಂಬ ಅಂಗಡಿ ಇಟ್ಟಿವೆ. ಹತ್ತಾರು ಸಾವಿರ ಡಾಲರ್ ಎಣಿಸಿ, ಮೊದಲ ವರ್ಷದ ಮೆಡಿಕಲ್ ವಿದ್ಯಾರ್ಥಿಗಳು ಓದುವ ಪಾಠವನ್ನೇ ಓದಿ, ಅವರಷ್ಟೇ ಅಂಕ ತೆಗೆದು, ನೋಡಿ ನನಗೂ ಬರುತ್ತದೆ ಎಂದು ತೋರಿಸಬೇಕು. ಸೀಟಿನ ಖಾತ್ರಿ ಅಲ್ಲಿಯೂ ಇಲ್ಲ. ಹುಡುಗಿ ಎಡವಿದರೆ ಸಾಲವೂ ಉಳಿಯುತ್ತದೆ, ಕೆಟ್ಟ ಅಂಕವೂ ಉಳಿಯುತ್ತದೆ. ಸುಲಿಗೆ ಎನ್ನಿ, ತಕರಾರಿಲ್ಲ. ಆದರೆ ಆ ಸುಲಿಗೆಯಲ್ಲೊಂದು ನಿಯತ್ತಿದೆ: ಮಾಸ್ಟರ್ಸ್ ಓದಿದ್ದನ್ನು ಯಾರೋ ಒಬ್ಬರು ತೆಗೆದು ನೋಡುತ್ತಾರೆ. ನಮ್ಮವನು ಐದು ವರ್ಷ ವಿಜ್ಞಾನ ಓದಿದ್ದನ್ನು ನೋಡುವ ಒಂದು ಜೊತೆ ಕಣ್ಣೂ ಈ ವ್ಯವಸ್ಥೆಯಲ್ಲಿಲ್ಲ.

ನೋಡದಿರಲು ಕಾರಣ ಗುಣಮಟ್ಟವಂತೆ. ವೈದ್ಯಕೀಯದಲ್ಲಿ ರಾಜಿ ಸಲ್ಲದು ಎಂದು ತೀರ್ಪು, ಭಾಷಣ, ಸಂಪಾದಕೀಯ ಎಲ್ಲದರಲ್ಲೂ ಓದಿದ್ದೇವೆ. 2024ರಲ್ಲಿ ಪ್ರಶ್ನೆಪತ್ರಿಕೆಯೇ ಸೋರಿ, ಮೊದಲ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಬಂದಾಗಲೂ ಗುಣಮಟ್ಟ ಅಲುಗಾಡಲಿಲ್ಲ. ಅದಕ್ಕೂ ಹಿಂದಿನ ವರ್ಷ, 2023ರ ಸೆಪ್ಟೆಂಬರಿನಲ್ಲಿ, ಸ್ನಾತಕೋತ್ತರ ನೀಟಿನ ಸೀಟುಗಳು ಖಾಲಿ ಉಳಿದಾಗ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದರು. ಸೊನ್ನೆಗಿಂತ ಕಡಿಮೆ ಅಂಕ ಪಡೆದ ವೈದ್ಯರೂ ತಜ್ಞರಾಗುವ ಕೌನ್ಸೆಲಿಂಗಿಗೆ ಅರ್ಹರಾದರು. ಮೆಡಿಕಲ್ ಬಾಗಿಲಿನ ಹೊರಗೆ ನಿಂತವನಿಗೆ ಒಂದೊಂದು ಅಂಕವೂ ಸಾವಿರಾರು ಜನರ ಅಂತರ. ಬಾಗಿಲು ದಾಟಿದವನಿಗೆ ಮೈನಸ್ ಕೂಡ ಅಂಕವೇ.

ರಾಯದುರ್ಗದ ಬೆಟ್ಟದಲ್ಲಿ ರಸಸಿದ್ಧರ ಗುಹೆಗಳಿವೆ. ಕೀಳು ಲೋಹವನ್ನು ಚಿನ್ನ ಮಾಡುವ ವಿದ್ಯೆ ಸಿದ್ಧರಿಗೆ ಗೊತ್ತಿತ್ತೆಂದು ನಂಬಿಕೆ. ಎಂಎಸ್ಸಿಯನ್ನು ಎಂಬಿಬಿಎಸ್ ಮಾಡುವ ರಸವಿದ್ಯೆ ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ತಿರುಗಾ ಮುರುಗಾ ಮಾಡುವ ವಿದ್ಯೆ ನಮ್ಮ ಮೆಡಿಕಲ್ ಕಾಲೇಜುಗಳಿಗೆ ಗೊತ್ತು. ಮೆಡಿಕಲ್ ಎಂಎಸ್ಸಿ ಎಂಬುದೊಂದಿದೆ. ಬಿಎಸ್ಸಿ ಆದಮೇಲೆ ಮೂರು ವರ್ಷ ಅನಾಟಮಿ, ಫಿಸಿಯಾಲಜಿ ಅಥವಾ ಬಯೋಕೆಮಿಸ್ಟ್ರಿ. ಇದನ್ನು ಓದಿದವರು ಡಾಕ್ಟರಾಗುವಂತಿಲ್ಲ. ಡಾಕ್ಟರಾಗುವವರಿಗೆ ಪಾಠ ಮಾಡಬಹುದು! ಎಷ್ಟು ಪಾಲು ಹುದ್ದೆ ಇವರಿಗೆ ಎಂಬುದನ್ನು ವೈದ್ಯಕೀಯ ಆಯೋಗ ಒಮ್ಮೆ ಕುಗ್ಗಿಸಿ, ಒಮ್ಮೆ ಹಿಗ್ಗಿಸಿ ಆಟವಾಡಿಸುತ್ತದೆ. ಅದೇನೇ ಇರಲಿ, ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ತೊಡೆಯ ಮೂಳೆಯ ತಲೆ ಯಾವುದು, ಬುಡ ಯಾವುದು ಎಂದು ಕೈಗೆ ಕೊಟ್ಟು ತೋರಿಸುವವರಲ್ಲಿ ಇವರೂ ಇದ್ದಾರೆ.

ಹಾಗೆ ಟ್ಯೂಟರ್ ಆಗಿರುವ ಮಡಕಶಿರಾ ಕಡೆಯ ಹುಡುಗನೊಬ್ಬ ನನಗೆ ಗೊತ್ತು. ಬೆಳಿಗ್ಗೆ ಡಿಸೆಕ್ಷನ್ ಹಾಲ್, ಸಂಜೆ ಎನ್‌ಸಿಇಆರ್‌ಟಿ. ಈ ವರ್ಷವೂ ಅರ್ಜಿ ಹಾಕಿದ್ದಾನೆ. ಸೀಟು ಸಿಕ್ಕರೆ ಅದೇ ಹಾಲಿಗೆ ಮೊದಲ ವರ್ಷದ ವಿದ್ಯಾರ್ಥಿಯಾಗಿ ಬಂದು, ಅದೇ ಮೂಳೆ ಹಿಡಿದು, ಅಟೆಂಡೆನ್ಸಿಗೆ ಎಸ್ ಸಾರ್ ಅನ್ನಬೇಕು. ಅನಾಟಮಿಗೆ ವಿನಾಯಿತಿ ಇಲ್ಲ. ಅವನು ನೀಟ್ ಬರೆಯುವ ಸುದ್ದಿ ಹೇಗೋ ಕ್ಲಾಸಿಗೆ ತಿಳಿದುಬಿಟ್ಟಿದೆ. ಮಕ್ಕಳು ಒಳ್ಳೆಯವರು. ಪಾಠ ಮುಗಿದ ಮೇಲೆ ಹದಿನೆಂಟರ ಹುಡುಗಿಯೊಬ್ಬಳು ಹತ್ತಿರ ಬಂದು, ದನಿ ತಗ್ಗಿಸಿ, ತನ್ನ ಹಳೆಯ ಕೆಮಿಸ್ಟ್ರಿ ನೋಟ್ಸು ಕೊಟ್ಟು ಹೇಳಿದಳಂತೆ: "ಸಾರ್, ಬಯಾಲಜಿಯಲ್ಲಿ ಮಾತ್ರ ನಮಗೆ ಪಾಠ ಮಾಡಿದ್ದನ್ನ ಬರೀಬೇಡಿ. ಮೈನಸ್ ಆಗುತ್ತೆ."