ಸೌಟು ಬಿಟ್ಟು ಸಾಫ್ಟ್‌ವೇರು

(ದಢೇಸುಗೂರು. ಸಿಂಧನೂರು–ಸಿರುಗುಪ್ಪ ರಸ್ತೆಯ ಖಾನಾವಳಿ. ಮಧ್ಯಾಹ್ನದ ಊಟ ಮುಗಿದಿದೆ.)

ಅಡಿಗೆಯವ: ಕಾಕಾ, ನಾಳಿಂದ ಸೌಟು ಮುಟ್ಟಂಗಿಲ್ಲ. ಕೋಡಿಂಗ್ ಕಲಿಯಾಕ ಬೆಂಗಳೂರಿಗೆ ಹೊಂಟೀನಿ.

ಕಾಕಾ: ಎರಡು ಸಾವಿರ ಮಂದಿಗೆ ಮದುವಿ ಅಡಿಗಿ ಮಾಡಾಂವ, ಅಲ್ಲೇನ್ ಮಾಡ್ತೀಯೋ?

ಅಡಿಗೆಯವ: ಅದಕ್ಕ ಅಲ್ಲಿ ಸ್ಕೇಲಿಂಗ್ ಅಂತಾರ.

ಕಾಕಾ: ಸಾರಿಗೆ ಉಪ್ಪು ಹೆಚ್ಚಾದ್ರ?

ಅಡಿಗೆಯವ: ಬಗ್ ಅಂತಾರ. ಹುಡುಕಾಕ ಬ್ಯಾರೆ ಟೀಮ್ ಇರ್ತೈತಿ.

ಕಾಕಾ: ಇಲ್ಲಿ ಉಣ್ಣಾವ್ರೇ ಆ ಟೀಮ್! ಅಲ್ಲೋ, 2022ರಾಗ ಬಂದ ಚಾಟ್‌ಜಿಪಿಟಿ ತಾನೇ ಕೋಡ್ ಬರೀತೈತಂತ?

ಅಡಿಗೆಯವ: ಬರಿಲಿ ಬಿಡ್ರಿ. ಎಲ್ಲಾದಕ್ಕೂ ಬ್ಯಾಕಪ್ ಇರ್ತೈತಿ.

ಕಾಕಾ: ಬ್ಯಾಕಪ್ಪಾ? 2024ರ ಆಗಸ್ಟ್‌ನ್ಯಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋತಲ್ಲ, ಎಲ್ಲಿತ್ತು ಬ್ಯಾಕಪ್? ಕಡೀಕ ವಯಸ್ಸಾದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವ್ರನ್ನ ಕರೆಸಿ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟು ಇಳಿಸಿದ್ರು. ಇಲ್ದಿದ್ರ ಎಡದಂಡಿ ಕಾಲುವಿ ನಂಬಿದ ನಮ್ಮ ಭತ್ತದ ಗತಿ ಏನಿತ್ತು?

(ಇಂಥ ಪ್ರಶ್ನೆಗೆ ಯಾವ ಕೋರ್ಸಿನಲ್ಲೂ ಪಾಠವಿಲ್ಲ. ಫೀಸು ಮಾತ್ರ ಮೊದಲ ದಿನವೇ.)

ಕಾಕಾ: ಫೀಸ್ ಎಷ್ಟಪ?

ಅಡಿಗೆಯವ: ಒಂದೂವರಿ ಲಕ್ಷ.

ಕಾಕಾ: ಹಂಗಾದ್ರ ಕೋರ್ಸ್ ನಡೆಸೋ ಧಂದಾನೇ ಕಲಿ. ಸೌಟೂ ಬ್ಯಾಡ, ಕೋಡೂ ಬ್ಯಾಡ.

ಅಡಿಗೆಯವ: ಅದಕ್ಕೂ ಕೋರ್ಸ್ ಐತ್ರಿ. ಎರಡು ಲಕ್ಷ.