ಹೈದರಾಬಾದಿನ ಕನ್ನಡ ಅಪ್ಪಂದಿರಿಗೊಂದು ಬಹಿರಂಗ ಪತ್ರ

ಕಾಚಿಗುಡದಿಂದ ಕೂಕಟ್‌ಪಲ್ಲಿಯವರೆಗೆ ನೆಲೆಸಿರುವ ಅಪ್ಪಂದಿರೇ,

ಹುಡುಗಿಯರೊಂದಿಗೆ ಹೇಗಿರಬೇಕೆಂದು ನಮ್ಮ ಗಂಡುಮಕ್ಕಳಿಗೆ ಈ ಊರಿನಲ್ಲಿ ಹೇಳಿಕೊಡುವವರು ಯಾರು? ನನಗೆ ಕಾಣುವುದು ಎರಡೇ ಜಾಗ. ಒಂದು ಶೀ ಟೀಮ್. 2014ರ ಅಕ್ಟೋಬರ್‌ನಲ್ಲಿ ಶುರುವಾದ ಈ ಪೊಲೀಸ್ ತಂಡ ಮಫ್ತಿಯಲ್ಲಿ ಬಸ್ ನಿಲ್ದಾಣಗಳಲ್ಲಿ ನಿಂತು, ಚುಡಾಯಿಸುವವರನ್ನು ಹಿಡಿಯುತ್ತದೆ. ಸಿಕ್ಕವನಿಗೆ 18 ತುಂಬಿಲ್ಲವಾದರೆ ಹೆತ್ತವರನ್ನು ಕರೆಸಿ ಬುದ್ಧಿ ಹೇಳುತ್ತದೆ. ಇನ್ನೊಂದು ಎಂಜಿನಿಯರಿಂಗ್ ಕಾಲೇಜು. ನಮ್ಮೂರಿನ ಅನ್ವೇಷಿ ಮಹಿಳಾ ಅಧ್ಯಯನ ಕೇಂದ್ರದ ವಿದ್ವಾಂಸೆಯರು ಲಿಂಗ ಸಮಾನತೆಯ ಬಗ್ಗೆ ರೂಪಿಸಿದ ತೆಲುಗು–ಇಂಗ್ಲಿಷ್ ಪಠ್ಯವನ್ನು ಜೆಎನ್‌ಟಿಯು ತಾಂತ್ರಿಕ ವಿಶ್ವವಿದ್ಯಾಲಯ 2015ರಿಂದ ಓದಿಸತೊಡಗಿತು. ಹುಡುಗ ಗಂಡಸಾಗುವ ಬಗೆ, ಲೆಕ್ಕಕ್ಕೇ ಬಾರದ ಮನೆಗೆಲಸ, ಲೈಂಗಿಕ ಕಿರುಕುಳ, ಸಮಾನರಾಗಿ ಒಡನಾಡುವುದು, ಎಲ್ಲ ಅದರಲ್ಲಿದೆ. ನಾನು ಮೆಚ್ಚುವ ಪುಸ್ತಕ.

ಮೊದಲನೆಯದು ತಪ್ಪು ಮಾಡಿದ ಮೇಲಿನ ಪಾಠ, ಎರಡನೆಯದು ಮೀಸೆ ಬಂದ ಮೇಲಿನದು. ಅದಕ್ಕೂ ಮುಂಚೆ?

ಹತ್ತನೇ ತರಗತಿ ಮುಗಿದದ್ದೇ ತಡ, ಮಗನನ್ನು ಇಂಟರ್ ಹಾಸ್ಟೆಲಿಗೆ ಹಾಕುತ್ತೇವೆ. ಎಷ್ಟೋ ಕಡೆ ಹುಡುಗರದೇ ಒಂದು ಕ್ಯಾಂಪಸ್, ಹುಡುಗಿಯರದೇ ಒಂದು. ನಸುಕಿನಿಂದ ರಾತ್ರಿಯವರೆಗೆ ರ್‍ಯಾಂಕಿನದೇ ಮಾತು. ನಿನ್ನೆಯವರೆಗೆ ಪಕ್ಕದ ಬೆಂಚಿನಲ್ಲಿ ಕೂತು ಜಗಳವಾಡುತ್ತಿದ್ದ ಹುಡುಗಿ ಅವನಿಗೆ ಅಪರಿಚಿತಳಾಗುತ್ತಾಳೆ. ಆಮೇಲೆ ಅವನಿಗೆ ಅವಳ ವಿಷಯ ಹೇಳುವುದು ಫೋನು, ಗೆಳೆಯರು, ಸಿನಿಮಾ. 2017ರ ‘ಅರ್ಜುನ್ ರೆಡ್ಡಿ’ಯಲ್ಲಿ ನಾಯಕ ಹುಡುಗಿಯನ್ನು ಒಂದು ಮಾತೂ ಕೇಳದೆ, ಇವಳು ನನ್ನವಳೆಂದು ಕಾಲೇಜಿಗೆಲ್ಲ ಸಾರುತ್ತಾನೆ. ಥಿಯೇಟರುಗಳು ಅದಕ್ಕೆ ತುಂಬಿದವು.

2022ರ ಮೇ ತಿಂಗಳ ಜುಬಿಲಿ ಹಿಲ್ಸ್ ಪ್ರಕರಣ ನೆನಪಿದೆಯೇ? ಪಬ್ಬಿನಿಂದ ಹೊರಟ ಹದಿನೇಳರ ಹುಡುಗಿಯ ಮೇಲೆ ಕಾರಿನಲ್ಲಿ ಅತ್ಯಾಚಾರ. ಪೊಲೀಸರು ಹೆಸರಿಸಿದ ಆರು ಆರೋಪಿಗಳಲ್ಲಿ ಐವರು ಅಪ್ರಾಪ್ತರು. ಆಗಲೂ ನಮ್ಮ ಮನೆಗಳಲ್ಲಿ ಮೊದಲು ಕೇಳಿದ್ದು, ಆ ಹುಡುಗಿ ಪಬ್ಬಿಗೆ ಯಾಕೆ ಹೋದಳೆಂದು.

“ಗಂಡುಹುಡುಗ್ರು ಇರೋದೇ ಹಂಗ, ಬಿಡ್ರಿ” ಅನ್ನುವುದನ್ನು ದಯವಿಟ್ಟು ನಿಲ್ಲಿಸೋಣ. ಹುಡುಗಿಯೊಬ್ಬಳು ಬೇಡವೆಂದ ದಿನ ನಿಮ್ಮ ಮಗ ಮಂಕಾಗಿ ಕೂತರೆ, ಅವನ ಪಕ್ಕ ಕೂರಿ. ನಗಬೇಡಿ. “ಇವಳಲ್ಲದಿದ್ರೆ ಇನ್ನೊಬ್ಬಳು” ಎಂದು ಸಮಾಧಾನ ಹೇಳಬೇಡಿ. ಅಳಲಿ ಬಿಡಿ. ಬೇಡ ಅನ್ನುವುದು ಅವಳ ಹಕ್ಕು, ಅದರಿಂದ ನಿನಗೇನೂ ಅವಮಾನವಾಗಿಲ್ಲ ಎಂದು ಅಪ್ಪನ ಬಾಯಿಂದ ಅವನು ಕೇಳಬೇಕು. ಅಮ್ಮ ಇದನ್ನು ಎಷ್ಟು ಸಲ ಹೇಳಿದರೂ, ಅವನು ಕಣ್ಣಿಟ್ಟು ನೋಡುವುದು ನೀವು ಆ ಅಮ್ಮನನ್ನು ಹೇಗೆ ಮಾತಾಡಿಸುತ್ತೀರೆಂದು.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಭಾನುವಾರ ಸೇರೋಣ. ಅಪ್ಪಂದಿರು, ಜೊತೆಗೆ ಎಂಟನೇ ತರಗತಿಯ ಹುಡುಗರು. ಅನ್ವೇಷಿಯವರ ಆ ಪುಸ್ತಕದ ಮನೆಗೆಲಸದ ಅಧ್ಯಾಯದಿಂದಲೇ ಶುರುಮಾಡೋಣ. ತೆಲುಗು ಓದಲು ತಡವರಿಸುವವರಿಗೆ ಮಕ್ಕಳೇ ಓದಿ ಹೇಳಲಿ.

ನಿಮ್ಮಂತೆಯೇ ಗಂಡುಮಗನ ಅಪ್ಪನಾದ,
ಒಬ್ಬ ಹೈದರಾಬಾದ್ ಕನ್ನಡಿಗ