ಬ್ಲ್ಯಾಕ್ ಟಾಮನ ಸುತ್ತ ಜಟಾಪಟಿ

ವಿಕ್ಟರ್ ಲವ್ಯಾಲ್ ಬರೆದ ‘ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ (2016) ಗಾತ್ರದಲ್ಲಿ ಕಿರುಕಾದಂಬರಿ. ಅದರ ಬಗೆಗಿನ ಜಗಳ ಮಾತ್ರ ಮಹಾಕಾದಂಬರಿ. 1924ರ ನ್ಯೂಯಾರ್ಕ್. ಹಾರ್ಲೆಮ್‌ನ ಟಾಮಿ ಟೆಸ್ಟರ್ ಗಿಟಾರ್ ಪೆಟ್ಟಿಗೆ ಹೊತ್ತು ತಿರುಗುತ್ತಾನೆ, ಹಾಡು ಮಾತ್ರ ಅಷ್ಟಕ್ಕಷ್ಟೆ. ಮಾಟದ ಪುಸ್ತಕವೊಂದನ್ನು ಕ್ವೀನ್ಸ್‌ನ ಹೆಂಗಸಿಗೆ ತಲುಪಿಸುವಾಗ ಕೊನೆಯ ಹಾಳೆಯನ್ನೇ ಎಗರಿಸುವಷ್ಟು ಚಾಲಾಕಿ. ಇಲ್ಲಿಯವರೆಗೆ ತಕರಾರು ಕಡಿಮೆ.

ನಡುವೆ ಕಥೆ ಪತ್ತೇದಾರ ಮಲೋನ್‌ನ ಪಾಲಾಗುತ್ತದೆ, ರಗಳೆ ಶುರು. ಟಾಮಿಯನ್ನು ಮೆಚ್ಚಿದವರಿಗೆ ಇದು ಉಣ್ಣುವಾಗಲೇ ಎಲೆ ಎತ್ತಿದಂತೆ. ಉಳಿದವರಿಗೆ, ಭಯಂಕರ ಬ್ಲ್ಯಾಕ್ ಟಾಮ್ ಆದ ಟಾಮಿಯನ್ನು ದೂರದಿಂದ ನೋಡಿದರೇ ನಡುಕ. ಭಯಾನಕ ಕಥೆಗಳ ಗುರು ಲವ್‌ಕ್ರಾಫ್ಟ್‌ನ ಭಕ್ತರಲ್ಲಿ ಕೆಲವರ ಸಂಕಟವೇ ಬೇರೆ: ಅವನ ‘ದಿ ಹಾರರ್ ಅಟ್ ರೆಡ್ ಹುಕ್’ ಕಥೆಯ ಜನಾಂಗದ್ವೇಷವನ್ನು ಲವ್ಯಾಲ್ ಆ ಗುರುವಿನ ಭೂತಗಳಿಂದಲೇ ಬಯಲಿಗೆಳೆದನಲ್ಲ! ಭೂತ ಸಾಲದು ಎನ್ನುವವರೂ ಉಂಟು. ಪೊಲೀಸರ ಕ್ರೌರ್ಯದ ಪುಟಗಳನ್ನು ಅವರು ಹಾರಿಸಿ ಓದಿರಬೇಕು. ಷರ್ಲಿ ಜಾಕ್ಸನ್ ಪ್ರಶಸ್ತಿಯಂತೂ ಪುಸ್ತಕಕ್ಕೆ ಸಂದಿದೆ.